ಹನ್ನೊಂದು ತಿಂಗಳ ಕರಾರಿಗೆ ಒಗ್ಗುವ ಮರಗೆಲಸದ ಮೇಜು

ನನ್ನ ಮೊದಲ ಮರಗೆಲಸದ ಮೇಜು ಈಗಲೂ ಗಿರಿನಗರದ ಒಂದು ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿದೆ. ಅದರ ಮೇಲೆ ಈಗ ನೀರಿನ ಕ್ಯಾನುಗಳು, ಹಳೆಯ ಪೇಪರಿನ ಕಟ್ಟುಗಳು ಕೂತಿವೆಯಂತೆ. ಅದನ್ನು ನಾನು ಯಾರಿಗೂ ಕೊಡಲಿಲ್ಲ, ಬಿಟ್ಟು ಬಂದೆ. ಕೋಣೆಯೊಳಗೇ ಕೂತು ಕಟ್ಟಿದ್ದೆ. ಮೊಳೆ, ಅಂಟು, ಸ್ಕ್ರೂ ಯಾವುದರಲ್ಲೂ ಜಿಪುಣತನ ಮಾಡಿರಲಿಲ್ಲ. ಮನೆ ಖಾಲಿ ಮಾಡುವ ದಿನ ನಾಲ್ಕು ಜನ ಸೇರಿ ಅಡ್ಡ, ಉದ್ದ, ಓರೆ, ತಲೆಕೆಳಗು, ಹೀಗೆ ಎಲ್ಲ ಭಂಗಿಗಳಲ್ಲೂ ಹಿಡಿದು ನೋಡಿದೆವು. ಬಾಗಿಲು ದಾಟಿತು. ಬಾಗಿಲಾಚೆಯ ಮೂರಡಿ ಓಣಿಯ ತಿರುವು ದಾಟಲಿಲ್ಲ. ಗರಗಸ ತಂದು ಕಾಲು ಕತ್ತರಿಸೋಣ ಎಂದು ಒಬ್ಬ ಹೇಳಿದ. ಕಟ್ಟಿದವನ ಕೈಯಲ್ಲಿ ಅದನ್ನು ಮಾಡಿಸಬಾರದು. ಮೇಜನ್ನು ಅಲ್ಲೇ ಬಿಟ್ಟೆವು.

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳಿನದು. ನವೀಕರಣ ಆದರೂ ಆಯಿತು, ಆಗದಿದ್ದರೂ ಆಯಿತು. ಆದ್ದರಿಂದ ಎರಡನೆಯ ಮೇಜಿನ ಲೆಕ್ಕಾಚಾರ ಬೇರೆಯೇ ಇತ್ತು. ಬಿಚ್ಚಿದ ಮೇಲೆ ಯಾವ ತುಂಡೂ ಒಬ್ಬನೇ ಎತ್ತಿಕೊಂಡು ಮೂರು ಮಹಡಿ ಹತ್ತಲಾರದಷ್ಟು ಭಾರ ಇರಬಾರದು. ಬಿಚ್ಚಲು, ಜೋಡಿಸಲು ಒಂದು ಕೊಡತಿ, ಅಂದರೆ ಮರದ ಸುತ್ತಿಗೆ, ಸಾಕಾಗಬೇಕು. ಜೋಡಿಸಿದ ಮೇಲೆ ಮಾತ್ರ ಅದು ಬಿಚ್ಚುವ ಮೇಜು ಎಂಬ ಗುಮಾನಿಯೇ ಬರಬಾರದು. ಮರ ನುಣುಪು ಮಾಡುವ ಹತ್ತರಿ ಹೊಡೆಯುವಾಗ ಅಲುಗಬಾರದು, ನೆಲದ ಮೇಲೆ ನಡೆಯಬಾರದು. ಮೊದಲ ಎರಡು ಸುಲಭ. ಮೂರನೆಯದು ಒಂದೂವರೆ ವರ್ಷ ತಿಂದಿತು.

ನಮ್ಮ ಕಡೆಯ ಬಡಗಿಗಳಿಗೆ ಇಂಥ ಮೇಜೇ ಬೇಡ. ಅವರು ನೆಲದ ಮೇಲೆ ಕೂತು, ಮರವನ್ನು ಪಾದದಿಂದ ಒತ್ತಿ ಹಿಡಿದು, ಉಳಿಯನ್ನು ತಮ್ಮದೇ ಕಾಲ್ಬೆರಳ ಕಡೆಗೆ ಹೊಡೆಯುತ್ತಾರೆ. ಬೆರಳೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಆ ವಿದ್ಯೆ ಎಂಟನೆಯ ವಯಸ್ಸಿಗೆ ಶುರುವಾಗಬೇಕು. ನಾನು ಶುರು ಮಾಡಿದ್ದು ನಲವತ್ತೊಂದಕ್ಕೆ, ಅದೂ ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂತ ಸೊಂಟದೊಂದಿಗೆ. ನಿಂತು ಮಾಡುವುದು ಬಿಟ್ಟರೆ ಗತಿಯಿರಲಿಲ್ಲ.

ಮರದ ಬೇಟೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಶುರುವಾಯಿತು. ಕಾಲುಗಳಿಗೆ ಹೊಸ ಮರ ಬೇಡ ಎಂದು ಮೊದಲೇ ನಿಶ್ಚಯಿಸಿದ್ದೆ. ಕೆಡವಿದ ಮನೆಗಳ ಬಾಗಿಲುವಾಡಗಳು ಹಳೆಯ ಮರದ ಅಂಗಡಿಗಳಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. ಐವತ್ತು, ಅರವತ್ತು ವರ್ಷ ಗೋಡೆಯೊಳಗಿದ್ದ ಮತ್ತಿಯೋ ಹೊನ್ನೆಯೋ ಇನ್ನು ಒಣಗುವುದಕ್ಕೆ, ತಿರುಚುವುದಕ್ಕೆ ಏನೂ ಉಳಿದಿರುವುದಿಲ್ಲ. ಅದು ಮಾಡುವ ಚೇಷ್ಟೆಯನ್ನೆಲ್ಲ ಮಾಡಿ ಮುಗಿಸಿರುತ್ತದೆ. ನನಗೆ ಸಿಕ್ಕಿದ್ದು ಮತ್ತಿಯ ವಾಡ. 5 ಇಂಚು ಅಗಲ, 3 ಇಂಚು ದಪ್ಪ. ಏಳಡಿಯ ಎರಡು ನಿಲುವು, ಮೂರೂವರೆ ಅಡಿಯ ಒಂದು ಅಡ್ಡಪಟ್ಟಿ, ಒಂದು ಹೊಸಿಲು.

ಈ ವಾಡದ ಅಳತೆಯಿಂದಲೇ ಮೇಜಿನ ಅಳತೆ ಹುಟ್ಟಿತು. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರದ ಮೇಜು ಕೈಯಲ್ಲಿ ಹತ್ತರಿ ಹೊಡೆಯುವವನಿಗೆ ಹಿತ. ನನಗೆ ಅದು 33 ಇಂಚು. ಮೇಲಿನ ಹಲಗೆಯ ದಪ್ಪ 1¾ ಇಂಚು ಕಳೆದರೆ ಕಾಲು 31¼ ಇಂಚು. ಏಳಡಿಯ ಪ್ರತಿ ನಿಲುವಿನಲ್ಲಿ ಅಂಥ ಎರಡು ಕಾಲು ತೆಗೆದರೆ 21 ಇಂಚು ಚಿಲ್ಲರೆ ಮಿಕ್ಕುತ್ತದೆ. ಅದರಲ್ಲಿ 18 ಇಂಚಿನ ಒಂದು ಅಡ್ಡಕಟ್ಟು. ವಾಡದ ಅಡ್ಡಪಟ್ಟಿಯಲ್ಲಿ ಇನ್ನೆರಡು. ಅಲ್ಲಿಗೆ ನಾಲ್ಕು ಕಾಲು, ನಾಲ್ಕು ಅಡ್ಡಕಟ್ಟು. ಒಂದು ಬಾಗಿಲುವಾಡ ಖಾಲಿ. ಅಂಗಡಿಯಲ್ಲೇ ಟೇಪು ಹಿಡಿದು ಈ ಲೆಕ್ಕ ಸರಿಹೋದಾಗ ನನಗಾದ ಖುಷಿಯನ್ನು ಅಂಗಡಿಯವರು ಗಮನಿಸಿದರೆಂದು ಕಾಣುತ್ತದೆ. ಚೌಕಾಸಿ ಆಮೇಲೆ ಮುಂದೆ ಸಾಗಲಿಲ್ಲ.

ಹೊಸಿಲು ಉಳಿಯಿತು. ಅದರ ನಡುವೆ ಅರಿಶಿನ, ಕುಂಕುಮ ಮರದೊಳಕ್ಕೇ ಇಳಿದು ಒಂದು ಅಂಗೈಯಗಲ ಕೆಂಪು ಹಳದಿ ಮಚ್ಚೆ ಇತ್ತು. ಅದನ್ನು ಕೊಯ್ದು ಮೇಜಿಗೆ ಸೇರಿಸುವ ಯೋಚನೆಯನ್ನು ಅಮ್ಮನ ಮುಂದೆ ಹೇಳಿದೆ. “ಯಾರದೋ ಮನೆಯ ಹೊಸಿಲು. ಎಷ್ಟು ಶುಕ್ರವಾರದ ಪೂಜೆ ಕಂಡಿದೆಯೋ! ಅದರ ಮೇಲೆ ಸುತ್ತಿಗೆ ಹೊಡೆಯುತ್ತೀಯೇನೋ?” ಎಂದರು. ತರ್ಕಕ್ಕೆ ಇಳಿಯಲಿಲ್ಲ. ಈಗ ಅದು ಗೋಡೆಗೆ ಅಡ್ಡಲಾಗಿ ಸುಮ್ಮನೆ ಇದೆ, ಬಳಿದ ಎಣ್ಣೆಯಲ್ಲಿ ಹೊಳೆಯುತ್ತ.

ಹಳೆಯ ಮರ ಕೊಯ್ಯಿಸುವವರಿಗೆ ಒಂದು ಮಾತು. ಮಿಲ್ಲಿಗೆ ಒಯ್ಯುವ ಮೊದಲು ಆಯಸ್ಕಾಂತ ಹಿಡಿದು ಇಂಚಿಂಚು ಸವರಿ. ನಾನು ಒಡೆದ ಸ್ಪೀಕರಿನಿಂದ ತೆಗೆದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ, ತೂಗುಬಿಟ್ಟು ಎಳೆದೆ. ಮೊಳೆ ಇದ್ದ ಕಡೆ ಅದು ನಾಯಿ ಮೂಸಿದ ಹಾಗೆ ವಾಲುತ್ತಿತ್ತು. ಹದಿನೇಳು ಮೊಳೆ, ತೋರಣ ಕಟ್ಟಿದ ಆರು ಕೊಕ್ಕೆ ಸಿಕ್ಕಿದವು. ಮಿಲ್ಲಿನವರು ಹದಿನೆಂಟನೆಯದನ್ನು ಹುಡುಕಿಕೊಟ್ಟರು, ಗರಗಸದ ಪಟ್ಟಿಯ ಎರಡು ಹಲ್ಲು ಕೊಟ್ಟು. ಅದರ ದಂಡವನ್ನೂ ಕೊಟ್ಟೆ. ಬಾಗಿಲು ಕೂರುತ್ತಿದ್ದ ತೋಡು ಹೋಗುವಂತೆ ಕೊಯ್ಯಿಸಿ, ಉಳಿದದ್ದನ್ನು 4 ಇಂಚು ಅಗಲ, 2½ ಇಂಚು ದಪ್ಪಕ್ಕೆ ಇಳಿಸಿದೆ.

ಮೇಲಿನ ಹಲಗೆಗೂ ಉದ್ದದ ಪಟ್ಟಿಗಳಿಗೂ ಸಿಲ್ವರ್ ಓಕ್. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಟ್ಟು, ಮೆಣಸಿನ ಬಳ್ಳಿ ಹಬ್ಬಿಸುವ ಮರ ಇದೇ. ಹುಟ್ಟೂರು ಆಸ್ಟ್ರೇಲಿಯ, ಓಕ್ ಜಾತಿಗೂ ಇದಕ್ಕೂ ನಂಟಿಲ್ಲ. ಅಗ್ಗ, ಹಗುರ, ಹತ್ತರಿಗೆ ಒಲಿಯುತ್ತದೆ. ಕೆಲವು ಹಲಗೆಗಳ ಮೇಲೆ ಮೀನಿನ ಹೊಪ್ಪಳೆಯಂಥ ಮಿನುಗು ಏಳುತ್ತದೆ. ದೋಷ ಎರಡು: ಹುಳು ಬೇಗ ಹತ್ತುತ್ತದೆ, ಹಸಿಯಾಗಿ ತಂದರೆ ಒಣಗುವಾಗ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಗುರ ಮರ ಬೇಕಾದದ್ದು ಮೂರು ಮಹಡಿಯ ಮೆಟ್ಟಿಲಿಗಾಗಿ. ಇಡೀ ಮೇಜು ಮತ್ತಿಯದಾಗಿದ್ದರೆ ನಾನು ಇನ್ನೂ ಎರಡನೆಯ ಮಹಡಿಯಲ್ಲಿರುತ್ತಿದ್ದೆ.

ದೀಪಾವಳಿ ಮುಗಿದ ವಾರ ತಂದ ಹಲಗೆಗಳನ್ನು ಮಂಚದ ಕೆಳಗೆ, ನಡುನಡುವೆ ತೆಳು ರಿಪೀಸು (ಮರದ ಪಟ್ಟಿ) ಕೊಟ್ಟು, ಗಾಳಿಯಾಡುವಂತೆ ಪೇರಿಸಿದೆ. ಎರಡೂ ತುದಿಗೆ ಉಳಿದಿದ್ದ ಪೇಂಟ್ ಬಳಿದೆ; ತುದಿಯಿಂದಲೇ ನೀರು ಬೇಗ ಆರಿ ಹಲಗೆ ಸೀಳುತ್ತದೆ. ಒಣಗಿತೋ ಇಲ್ಲವೋ ಎಂದು ನೋಡುವ ಯಂತ್ರವನ್ನು ನಾನು ಕೊಳ್ಳಲಿಲ್ಲ. ಪ್ರಯಾಣದ ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿತ್ತು. ತಿಂಗಳಿಗೊಮ್ಮೆ ಒಂದೇ ಹಲಗೆಯನ್ನು ತೂಗಿ, ತೂಕವನ್ನು ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆಯುತ್ತ ಬಂದೆ. ನವೆಂಬರಿನಲ್ಲಿ 18 ಕಿಲೋ ಇದ್ದದ್ದು ಏಪ್ರಿಲಿಗೆ 13.6, ಮೇನಲ್ಲೂ 13.6. ಇಳಿಯುವುದು ನಿಂತಿತೆಂದರೆ ಆ ಮನೆಯ ಗಾಳಿಗೆ ಅದು ಹೊಂದಿಕೊಂಡಿತೆಂದು ಅರ್ಥ. ಈ ಆರು ತಿಂಗಳು ಮಂಚದ ಕೆಳಗೆ ಕಸ ಗುಡಿಸಲಾಗದೆ ನನ್ನ ಹೆಂಡತಿ ಏನೇನು ಹೇಳಿದಳೆಂಬುದು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಕೆಲಸ ಶುರುವಾದದ್ದು ಮೇ ತಿಂಗಳ ರಜೆಯಲ್ಲಿ. ಬಿಚ್ಚುವ ಮೇಜು ಎಂದ ಕೂಡಲೇ ಎಲ್ಲ ಸಂದನ್ನೂ, ಅಂದರೆ ಮರ ಮರ ಕೂಡುವ ಜೋಡಣೆಯನ್ನೂ, ಬಿಚ್ಚುವಂತೆ ಮಾಡಬೇಕೆಂದು ತೋರುತ್ತದೆ. ಅದು ತಪ್ಪು. ಪ್ರತಿ ಸಡಿಲ ಸಂದೂ ಮೇಜಿನ ಗಟ್ಟಿತನದಿಂದ ಒಂದಿಷ್ಟು ಕಸಿಯುತ್ತದೆ. ಎಲ್ಲಿ ಬಿಚ್ಚದಿದ್ದರೂ ನಡೆಯುತ್ತದೋ ಅಲ್ಲಿ ಖಾಯಂ ಆಗಿ ಅಂಟಿಸಿಬಿಡಬೇಕು. ಎರಡು ಕಾಲು, ಎರಡು ಅಡ್ಡಕಟ್ಟು ಸೇರಿದ ಒಂದು ಚೌಕಟ್ಟು 21 ಇಂಚು ಅಗಲ, ಎರಡೂವರೆ ಇಂಚು ದಪ್ಪ, 14 ಕಿಲೋ. ಇಷ್ಟು ಗಾತ್ರದ್ದು ಆಟೋದಲ್ಲೂ ಹೋಗುತ್ತದೆ. ಅದನ್ನು ಬಿಚ್ಚುವ ಅಗತ್ಯವೇನು? ಹಾಗಾಗಿ ಎಡಗಡೆ ಒಂದು, ಬಲಗಡೆ ಒಂದು ಚೌಕಟ್ಟು ಖಾಯಂ. ಅವೆರಡನ್ನು ಕೂಡಿಸುವ ಉದ್ದದ ಪಟ್ಟಿಗಳೂ ಮೇಲಿನ ಹಲಗೆಗಳೂ ಮಾತ್ರ ಬಿಚ್ಚುವಂಥವು.

ಅಡ್ಡಕಟ್ಟಿನ ತುದಿಯಲ್ಲಿ ನಾಲಿಗೆ ಬಿಟ್ಟು, ಕಾಲಿನಲ್ಲಿ ಅದಕ್ಕೆ ತಕ್ಕ ಚೌಕ ತೂತು ಹೊಡೆದೆ. ಮತ್ತಿಯಲ್ಲಿ ತೂತು ಹೊಡೆಯುವುದೆಂದರೆ ಉಳಿಯ ಹರಿತಕ್ಕೂ ಮನುಷ್ಯನ ತಾಳ್ಮೆಗೂ ಪರೀಕ್ಷೆ. ಡ್ರಿಲ್ಲಿನಲ್ಲಿ ಸಾಲಾಗಿ ತೂತು ಕೊರೆದು, ಗೋಡೆಗಳನ್ನು ಉಳಿಯಲ್ಲಿ ನೇರ ಮಾಡಿದೆ. ಎಂಟು ತೂತಿಗೆ ನಾಲ್ಕು ಭಾನುವಾರ. ಅಂಟಿನ ಜೊತೆಗೆ ಪ್ರತಿ ಸಂದಿಗೂ ಒಂದು ಮರದ ಗೂಟ. ಗೂಟದ ತೂತನ್ನು ನಾಲಿಗೆಯಲ್ಲಿ ಕೊರೆಯುವಾಗ ಅರ್ಧ ಸೂತದಷ್ಟು (ಎಂಟು ಸೂತಕ್ಕೆ ಒಂದು ಇಂಚು) ಒಳಕ್ಕೆ, ಭುಜದ ಕಡೆಗೆ, ಅಂದರೆ ನಾಲಿಗೆ ಶುರುವಾಗುವ ಮೆಟ್ಟಿಲಿನ ಕಡೆಗೆ, ಸರಿಸಿ ಕೊರೆದರೆ, ಗೂಟ ಹೊಡೆದಂತೆ ಅದು ನಾಲಿಗೆಯನ್ನು ತೂತಿನೊಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡ ಕ್ಲಾಂಪು ಇಲ್ಲದವನಿಗೆ ಇದೇ ಕ್ಲಾಂಪು. ಅಂಟು ಒಣಗುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದೆ. ಒಂದು ಚೌಕಟ್ಟು ಸರಿಯಿತ್ತು, ಇನ್ನೊಂದು ಒಂದು ಸೂತ ಓರೆ. ಅದನ್ನು ನೆಲಕ್ಕೆ ಕುಕ್ಕಿ ಸರಿಮಾಡಿದೆ.

ಇನ್ನು ಉದ್ದದ ಪಟ್ಟಿಗಳು. ನೆಲದಿಂದ ಒಂಬತ್ತು ಇಂಚು ಮೇಲೆ, ಹಿಂದೊಂದು ಮುಂದೊಂದು, 5 ಇಂಚು ಎತ್ತರದವು. ಅಡ್ಡಕಟ್ಟಿನ ತೂತೂ ಇದರ ತೂತೂ ಕಾಲಿನಲ್ಲಿ ಒಂದೇ ಮಟ್ಟದಲ್ಲಿ ಎದುರಾದರೆ ಕಾಲು ಟೊಳ್ಳಾಗುತ್ತದೆ; ಅದಕ್ಕೇ ಅಡ್ಡಕಟ್ಟು ಕೆಳಗೆ, ಇದು ಮೇಲೆ. ಪಟ್ಟಿಯ ಎತ್ತರ ಮುಖ್ಯ. ಹತ್ತರಿಯ ನೂಕು ಮೇಜನ್ನು ಉದ್ದಕ್ಕೆ ವಾಲಿಸಲು ನೋಡುತ್ತದೆ. ಅದನ್ನು ತಡೆಯುವುದು ಪಟ್ಟಿಯ ಭುಜ ಕಾಲಿಗೆ ಒತ್ತಿ ನಿಂತ ಜಾಗ. ಎರಡಿಂಚಿನ ಭುಜ ಮೊಣಕೈಯಂತೆ ಮಡಚಿಕೊಳ್ಳುತ್ತದೆ, ಐದಿಂಚಿನದು ಮಡಚಲು ಒಪ್ಪುವುದಿಲ್ಲ.

ಮೊದಲು ಹಾಕಿದ್ದು ಬೋಲ್ಟು. ಕಾಲಿನಿಂದ ತೂರಿ ಪಟ್ಟಿಯ ತುದಿಯೊಳಕ್ಕೆ ಹೋಗುವ ಆರಿಂಚಿನ ಬೋಲ್ಟು; ಪಟ್ಟಿಯ ಒಳಮೈಯಲ್ಲಿ ಒಂದು ಗೂಡು ಕೊರೆದು ಅಲ್ಲಿ ನಟ್ಟು. ಎಸ್.ಜೆ.ಪಿ. ರಸ್ತೆಯಲ್ಲಿ “ಮೂರು ಸೂತದ್ದು, ಆರಿಂಚು” ಎಂದು ಕೇಳಿ ನಾಲ್ಕು ಜೊತೆ ತಂದೆ. ಮೂರು ಸೂತವೆಂದರೆ ಒಂಬತ್ತೂವರೆ ಮಿಲಿಮೀಟರ್. ಜೋಡಿಸಿದೆ. ಎರಡು ಬೋಲ್ಟು ಸಲೀಸಾಗಿ ಹೋಗಿ ಬಿಗಿಯಾದವು. ಇನ್ನೆರಡು ಮೂರು ಸುತ್ತು ಗಡಗಡ ಎಂದು ಸಡಿಲವಾಗಿ ಹೋಗಿ, ಆಮೇಲೆ ಇದ್ದಕ್ಕಿದ್ದಂತೆ ಬಿಗಿದವು. ಮರ ಬಿಗಿಯಿತು ಎಂದುಕೊಂಡೆ. ಸ್ಪಾನರಿಗೆ ಪೈಪು ತೊಡಿಸಿ ಇನ್ನೂ ಅರ್ಧ ಸುತ್ತು ಎಳೆದೆ.

ಮೇಜು ಜೂನಿನಿಂದ ಜನವರಿವರೆಗೆ ನಿಂತಿತು. ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ ಬಲಗಾಲು ಕಿರುಗುಟ್ಟತೊಡಗಿತು. ಬಿಗಿಸಿದರೆ ವಾರ ಸುಮ್ಮನಿದ್ದು ಮತ್ತೆ ಕಿರುಗುಟ್ಟುತ್ತಿತ್ತು. ಒಂದು ದಿನ ಸ್ಪಾನರ್ ತಿರುಗಿತು, ತಿರುಗುತ್ತಲೇ ಇತ್ತು. ಬಿಚ್ಚಿ ನೋಡಿದರೆ ಬೋಲ್ಟಿನ ಹಲ್ಲುಗಳ ನಡುವೆ ಬೆಳ್ಳಿದಾರದಂಥ ಕಬ್ಬಿಣದ ಸಿಪ್ಪೆ. ನಾಲ್ಕೂ ನಟ್ಟುಗಳನ್ನು ಮೇಜಿನ ಮೇಲಿಟ್ಟು ಹದಿನೇಳರ ಸ್ಪಾನರ್ ಹಿಡಿದೆ. ಎರಡಕ್ಕೆ ಸರಿಯಾಗಿ ಕೂತಿತು, ಎರಡಕ್ಕೆ ಹೊಂದಲಿಲ್ಲ. ಕೂತ ಎರಡು ಎಂ10, ಅಂದರೆ ಹತ್ತು ಮಿಲಿಮೀಟರ್ ಬೋಲ್ಟಿನವು. ಬೋಲ್ಟು ಇಂಚಿನ ಅಳತೆಯದು, ನಟ್ಟು ಮಿಲಿಮೀಟರಿನದು. ಮೂರು ಸೂತದ ಬೋಲ್ಟಿನಲ್ಲಿ ಇಂಚಿಗೆ 16 ಹಲ್ಲು, ಅಂದರೆ ಹಲ್ಲಿನಿಂದ ಹಲ್ಲಿಗೆ 1.59 ಮಿ.ಮೀ.; ಎಂ10 ನಟ್ಟಿನಲ್ಲಿ 1.5 ಮಿ.ಮೀ. ಮೊದಲ ಮೂರು ಸುತ್ತು ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕನೆಯದಕ್ಕೆ ಹಲ್ಲುಗಳು ಒಂದನ್ನೊಂದು ಹತ್ತತೊಡಗುತ್ತವೆ. ಏಳು ತಿಂಗಳು ನಾನು ಬಿಗಿದದ್ದು ಮೇಜನ್ನಲ್ಲ, ಬೋಲ್ಟನ್ನು ನಟ್ಟಿಗೆ. ಕೊಟ್ಟವರನ್ನು ದೂರಲಾರೆ, ಅಂಗಡಿಯ ಡಬ್ಬಿಯಲ್ಲಿ ಅವೆರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಖಾಲಿ ಬೋಲ್ಟಿಗೆ ನಟ್ಟನ್ನು ಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಸರಿಯಾದ ನಟ್ಟು ತಂದು ಮುಂದುವರಿಸುತ್ತಿದ್ದೆನೇನೋ. ಅದೇ ವಾರ ಪಕ್ಕದ ಮನೆಗೆ ಕಿಟಕಿ ಕೂರಿಸಲು ಒಬ್ಬರು ಹಿರಿಯ ಬಡಗಿ ಬಂದಿದ್ದರು. ಮಂಡ್ಯದ ಕಡೆಯವರು. ಚಹಾಕ್ಕೆ ಕರೆದು ಮೇಜು ತೋರಿಸಿದೆ. ಕಾಲು ಸವರಿದರು, ತೂತುಗಳನ್ನು ಬಗ್ಗಿ ನೋಡಿದರು, ಮತ್ತಿ ಒಳ್ಳೆಯದು ಎಂದರು. ಬೋಲ್ಟು ನೋಡಿ ನಕ್ಕರು.

“ಸಾರ್, ನೇಗಿಲಿನ ಈಸಿಗೆ ಯಾರಾದರೂ ನಟ್ಟು ಹಾಕುತ್ತಾರೆಯೇ?”

“ಇಲ್ಲ ಆಚಾರ್ಯರೇ, ಬೆಣೆ ಹೊಡೆಯುತ್ತಾರೆ.”

“ಎರಡು ಎತ್ತು ಎಳೆಯುತ್ತವೆ, ಕೆಳಗಿನಿಂದ ಭೂಮಿ ಹಿಡಿಯುತ್ತದೆ. ಬಿಚ್ಚಿಕೊಂಡರೆ ಹೊಲದಲ್ಲಿ ಕಲ್ಲು ತೆಗೆದುಕೊಂಡು ಎರಡೇಟು. ಅಲ್ಲಿ ಸ್ಪಾನರ್ ಹುಡುಕಿಕೊಂಡು ಯಾರು ಹೋಗುತ್ತಾರೆ?”

ಅಷ್ಟೇ ಹೇಳಿ ಚಹಾ ಮುಗಿಸಿ ಹೋದರು. ನಮ್ಮ ಅಜ್ಜನ ಕೊಟ್ಟಿಗೆಯಲ್ಲಿ ನಾನೂ ನೇಗಿಲು ನೋಡಿದ್ದೆ. ಈಸು, ಅಂದರೆ ನೇಗಿಲಿನ ಉದ್ದನೆಯ ಕೋಲು, ನೇಗಿಲ ಮೈಯೊಳಕ್ಕೆ ತೂರುವಲ್ಲಿ ಎಣ್ಣೆಗಪ್ಪಾದ ಒಂದು ತುಂಡು ಮರ ತಲೆಯೆತ್ತಿಕೊಂಡು ಇರುತ್ತಿತ್ತು. ಏಟು ತಿಂದು ತಿಂದು ಅದರ ನೆತ್ತಿ ಹೂವಿನಂತೆ ಅರಳಿರುತ್ತಿತ್ತು. ನಲವತ್ತು ವರ್ಷ ಕಣ್ಣೆದುರೇ ಇದ್ದದ್ದು ಹೊಳೆಯಲಿಲ್ಲ, ಬೋಲ್ಟಿಗೆ ಹೋಗಿ ಬಿದ್ದಿದ್ದೆ.

ಬೆಣೆಯ ಸಂದು ಹೀಗೆ: ಪಟ್ಟಿಯ ನಾಲಿಗೆ ಕಾಲಿನ ತೂತಿನಿಂದ ತೂರಿ ಆಚೆ ಬರುತ್ತದೆ. ಆಚೆ ಬಂದ ಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ತೂತು. ಆ ತೂತಿಗೆ ಬೆಣೆ. ಬೆಣೆ ಇಳಿದಂತೆ ನಾಲಿಗೆಯನ್ನು ಹೊರಕ್ಕೆ ಎಳೆಯುತ್ತದೆ, ಪಟ್ಟಿಯ ಭುಜ ಕಾಲಿಗೆ ಒತ್ತುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ ಸಡಿಲವಾದರೆ ಬೆಣೆ ಇನ್ನೊಂದು ಕೂದಲೆಳೆ ಕೆಳಗೆ ಕೂರುತ್ತದೆ. ಬೆಣೆ ನೆಟ್ಟಗೆ ನಿಂತಿರಬೇಕು. ಕೆಲಸದ ಅದುರಿಗೆ ಅದು ಇಳಿಯಬೇಕೇ ಹೊರತು ಜಾರಿ ಹೊರಬರಬಾರದು.

ಹಳೆಯ ಪಟ್ಟಿಗಳು ಕಾಲಿನಿಂದ ಕಾಲಿಗೆ ಸರಿಯಾಗಿ 36 ಇಂಚು ಇದ್ದವು. ನಾಲಿಗೆ ಬಿಡಲು ಎರಡೂ ಕಡೆ ಆರಾರು ಇಂಚು ಹೆಚ್ಚು ಬೇಕು, ಒಟ್ಟು 48. ಗಿಡ್ಡವಾದ ಮರವನ್ನು ಎಳೆದು ಉದ್ದ ಮಾಡುವ ಬಡಗಿ ಇನ್ನೂ ಹುಟ್ಟಿಲ್ಲ. ಹೊಸ ಪಟ್ಟಿಗಳನ್ನು ಉಳಿದಿದ್ದ ಹಲಗೆಯಿಂದ ತೆಗೆದೆ. ನಾಲಿಗೆ 3 ಇಂಚು ಎತ್ತರ, 1¼ ಇಂಚು ದಪ್ಪ. ಕಾಲಿನ ಎರಡೂವರೆ ಇಂಚು ದಾಟಿ ಮೂರೂವರೆ ಇಂಚು ಆಚೆಗೆ. ಕಾಲಿನಲ್ಲಿದ್ದ ಬೋಲ್ಟಿನ ತೂತುಗಳನ್ನು ಹೊಸ ಚೌಕ ತೂತುಗಳು ನುಂಗಿಹಾಕಿದವು.

ಬೆಣೆಯ ತೂತಿನ ದಪ್ಪ ಮೂರು ಸೂತ, ನಾಲಿಗೆಯ ದಪ್ಪದ ಸುಮಾರು ಮೂರರಲ್ಲೊಂದು ಪಾಲು. ಬೆಣೆಯ ಒಂದು ಮೈ ನೇರ, ಅದು ಕಾಲಿಗೆ ತಾಗುವ ಕಡೆ. ಇನ್ನೊಂದು ಮೈ ಓರೆ, ಎಂಟು ಇಂಚಿಗೆ ಒಂದು ಇಂಚಿನಂತೆ. ತೂತಿನ ಹೊರಗೋಡೆಗೂ ಅದೇ ಓರೆ. ಓರೆ ಹೆಚ್ಚಿದರೆ ಬೆಣೆ ತಾನಾಗಿ ಹಾರಿ ಹೊರಬರುತ್ತದೆ, ತೀರಾ ಕಡಿಮೆಯಾದರೆ ಒಮ್ಮೆ ಹೊಡೆದದ್ದನ್ನು ಬಿಡಿಸಲು ಹರಸಾಹಸ. ತೂತಿನಿಂದ ನಾಲಿಗೆಯ ತುದಿಯವರೆಗೆ ಎರಡೂವರೆ ಇಂಚು ಮರ ಬಿಟ್ಟೆ. ಅಲ್ಲಿ ಕಂಜೂಸಿ ಮಾಡಿದರೆ ಬೆಣೆಯ ಏಟಿಗೆ ಎಳೆಯುದ್ದಕ್ಕೂ ಸೀಳಿ ನಾಲಿಗೆಯ ತುದಿ ಚೌಕಾಕಾರದಲ್ಲಿ ಕಳಚಿ ಬೀಳುತ್ತದೆ. ಬೆಣೆಗಳಿಗೆ ಮತ್ತಿಯೇ, ಮೆತ್ತನೆಯ ಸಿಲ್ವರ್ ಓಕ್ ನಜ್ಜುಗುಜ್ಜಾಗುತ್ತದೆ.

ಇಷ್ಟು ತಿಳಿದೂ ಮೊದಲ ಸಂದನ್ನು ಕೆಡಿಸಿದೆ. ನಾಲಿಗೆಯನ್ನು ಕಾಲಿಗೆ ತೂರಿಸಿ, ಕಾಲಿನ ಹೊರಮೈಗೆ ಪೆನ್ಸಿಲ್ ಒತ್ತಿ ಗೆರೆ ಎಳೆದು, ಸರಿಯಾಗಿ ಆ ಗೆರೆಯಿಂದಲೇ ಬೆಣೆಯ ತೂತು ಶುರು ಮಾಡಿದೆ. ಬೆಣೆ ಹೊಡೆದೆ. ಬಿಗಿಯಾಗಿ ಕೂತಿತು, ಕೊಡತಿ ಪುಟಿಯಿತು. ಆದರೂ ಭುಜ ಮತ್ತು ಕಾಲಿನ ನಡುವೆ ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಸಂದಿ ಹಾಗೇ ಉಳಿದಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಅರ್ಥವಾಯಿತು. ಬೆಣೆ ಒತ್ತುತ್ತಿದ್ದದ್ದು ನಾಲಿಗೆಯದೇ ಒಳಗೋಡೆಗೆ ಮತ್ತು ಹೊರಗೋಡೆಗೆ. ಕಾಲನ್ನು ಅದು ಮುಟ್ಟುತ್ತಲೇ ಇರಲಿಲ್ಲ. ತೂತು ಕಾಲಿನ ಮೈಗಿಂತ ಒಳಗಿನಿಂದ, ಒಂದು ಸೂತದಷ್ಟು ಕಾಲಿನೊಳಗೆ ಅವಿತು ಶುರುವಾಗಬೇಕು. ಆಗ ಬೆಣೆಗೆ ಒಳಗೋಡೆ ಸಿಗುವುದಿಲ್ಲ, ಕಾಲೇ ಸಿಗುತ್ತದೆ. ಉಳಿಯಲ್ಲಿ ಒಂದು ಸೂತ ಒಳಕ್ಕೆ ಕೆತ್ತಿದೆ. ಮತ್ತೆ ಬೆಣೆ ಇಟ್ಟು ಹೊಡೆದೆ. ಮೊದಲ ಎರಡು ಏಟಿಗೆ ಟಪ್ ಟಪ್ ಎಂಬ ಮಂಕು ಸದ್ದು. ಮೂರನೆಯದಕ್ಕೆ ಸಂದಿ ಮುಚ್ಚುತ್ತ ಬಂದದ್ದು ಕಣ್ಣಿಗೇ ಕಂಡಿತು. ನಾಲ್ಕನೆಯ ಏಟಿಗೆ ಸದ್ದು ಬದಲಾಗಿ ಟಣ್ ಎಂದಿತು. ಇಡೀ ಚೌಕಟ್ಟು ಒಂದೇ ಮರವಾದಂತೆ ಆ ಸದ್ದು ಆಚೆಯ ಕಾಲಿಗೂ ಹೋಗಿ ಬಂತು. ಆ ಸದ್ದು ಬಂದ ಮೇಲೆ ಹೊಡೆಯಬಾರದು. ಉಳಿದ ಮೂರು ಸಂದುಗಳನ್ನು ಮಾಡಲು ಎರಡು ದಿನ ಸಾಕಾಯಿತು.

ಮೇಲಿನ ಹಲಗೆ ಎರಡು. ತಲಾ 11 ಇಂಚು ಅಗಲ, 5 ಅಡಿ ಉದ್ದ, ಹತ್ತರಿ ಹೊಡೆದ ಮೇಲೆ ಹನ್ನೊಂದೂವರೆ ಕಿಲೋ. ಅಂಟಿಸಿ ಒಂದೇ ಮಾಡಲಿಲ್ಲ. ನಡುವೆ ಮೂರು ಸೂತ ಜಾಗ ಬಿಟ್ಟೆ. ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಅದು ಎರಡು ಸೂತಕ್ಕೆ ಇಳಿಯುತ್ತದೆ. ಉಳಿಗಳನ್ನು ನಿಲ್ಲಿಸಲೂ ಅದೇ ಜಾಗ. ಬೋಲ್ಟುಗಳು ವ್ಯರ್ಥವಾಗಲಿಲ್ಲ. ಪ್ರತಿ ಹಲಗೆಯ ಎರಡೂ ತುದಿಯಲ್ಲಿ, ಅಗಲದ ನಟ್ಟನಡುವೆ ಒಂದೊಂದು ಬೋಲ್ಟು. ತಲೆ ಅರ್ಧ ಇಂಚು ಒಳಗೆ ಹುದುಗಿದೆ, ಹತ್ತರಿಯ ಅಲಗು ಅದನ್ನು ತಾಗದಂತೆ. ನಡುವೆ ಒಂದೇ ಬೋಲ್ಟು ಇದ್ದರೆ ಹಲಗೆ ಎರಡೂ ಕಡೆಗೆ ಹಿಗ್ಗಲು ಕುಗ್ಗಲು ಸ್ವತಂತ್ರ. ಕೆಳಗೆ ಕೈಯಲ್ಲೇ ತಿರುಗಿಸುವ ವಿಂಗ್ ನಟ್ಟು. ಈ ಸಲ ಕೆಟ್ಟುಹೋದ ಎರಡರ ಬದಲಿಗೆ ಹೊಸ ಬೋಲ್ಟು ಕೊಂಡೆ, ನಾಲ್ಕಕ್ಕೂ ನಟ್ಟನ್ನು ಅಂಗಡಿಯಲ್ಲೇ ನಿಂತು ಒಂದೊಂದಾಗಿ ಕೊನೆಯವರೆಗೆ ತಿರುಗಿಸಿ ನೋಡಿಯೇ ತಂದೆ. ಹಿಂದಿದ್ದ ಗಿರಾಕಿ ನಿಟ್ಟುಸಿರು ಬಿಟ್ಟರು.

ಹಲಗೆಗಳನ್ನು ಜೋಡಿಸಿದ ಸ್ಥಿತಿಯಲ್ಲೇ ಒಟ್ಟಿಗೆ ಮಟ್ಟ ಮಾಡಿದೆ, ಮೊದಲು ಓರೆಯಾಗಿ, ಆಮೇಲೆ ಉದ್ದಕ್ಕೆ. ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಎರಡು ಕೈ ಬಳಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆಗೆ ಬೆಂಕಿ ಹತ್ತಬಹುದು. ಬಿಡಿಸಿ ಹಗ್ಗದ ಮೇಲೆ ಹರವಿ, ಪೂರ್ತಿ ಒಣಗಲು ಬಿಡಿ. ಮರ ಹಿಡಿಯಲು ದೊಡ್ಡ ವೈಸು ಹಾಕಲಿಲ್ಲ. ಎಡತುದಿಯಲ್ಲಿ ಹಲಗೆಯಿಂದ ಏಳುವ ಒಂದು ಚೌಕ ಮತ್ತಿಯ ತುಂಡು, ಹತ್ತರಿಗೆ ಎದುರು ಕೊಡಲು, ಸದ್ಯಕ್ಕೆ ಅಷ್ಟೇ. ಒಟ್ಟು ತೂಕ ಅರವತ್ತು ಕಿಲೋ ಆಸುಪಾಸು. ಅದು ಕಡಿಮೆಯೇ. ಉದ್ದದ ಪಟ್ಟಿಗಳ ಮೇಲೆ ಹಳೆಯ ಗಿಡ್ಡ ಪಟ್ಟಿಗಳನ್ನೂ ರಿಪೀಸುಗಳನ್ನೂ ಅಡ್ಡ ಹಾಸಿ ಉಪಕರಣದ ಪೆಟ್ಟಿಗೆ ಇಟ್ಟ ಮೇಲೆ ನಡಿಗೆ ನಿಂತಿತು. ಖರ್ಚು ಗರಗಸದ ಹಲ್ಲೂ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಬೇಸಿಗೆಯಲ್ಲಿ ಅಮ್ಮ ಅದರ ಮೇಲೆ ಸಂಡಿಗೆ ಒಣಗಿಸಿದರು. ಎಣ್ಣೆಯ ವಾಸನೆ ಬರುತ್ತದೆಂದು ಎರಡನೆಯ ಸಲ ಒಣಗಿಸಲಿಲ್ಲ.

ಬೆಣೆ ಹಾಕಿ ಮೂರು ತಿಂಗಳಿಗೆ ಮನೆ ಬದಲಾಯಿಸಬೇಕಾಯಿತು. ಆಷಾಢ ಹುಟ್ಟುವ ಮೊದಲು ಹೊಸ ಮನೆಯಲ್ಲಿ ಹಾಲು ಉಕ್ಕಬೇಕು ಎಂದು ಅಮ್ಮನ ಷರತ್ತು. ಊರಿಗೆಲ್ಲ ಅದೇ ಷರತ್ತು ಇರುವುದರಿಂದ ಆ ವಾರ ಟಾಟಾ ಏಸ್ ಸಿಗುವುದೇ ಕಷ್ಟ. ಬೆಳಿಗ್ಗೆ ಆರೂವರೆಗೆ ಬಿಚ್ಚಲು ಕೂತೆ. ವಿಂಗ್ ನಟ್ಟು ನಾಲ್ಕು, ಬೆಣೆ ನಾಲ್ಕು. ಬೆಣೆಯ ಕೆಳತುದಿಗೆ ಒಂದೊಂದು ಏಟು, ಪುಟ್ಟ ಮಕ್ಕಳ ಹಾಲುಹಲ್ಲಿನಂತೆ ಕಳಚಿ ಬಂದವು. ಹನ್ನೆರಡು ನಿಮಿಷ. ಚೌಕಟ್ಟು ಎರಡು, ಪಟ್ಟಿ ಎರಡು, ಹಲಗೆ ಎರಡು ಗೋಡೆಗೆ ಒರಗಿ ನಿಂತವು. ಸಾಗಿಸಲು ಬಂದ ಹುಡುಗ, “ಸಾರ್, ಮೇಜು ಇದೆ ಅಂದಿದ್ದಿರಲ್ಲ, ಎಲ್ಲಿ?” ಎಂದು ಕೇಳಿದ. ಆ ದಿನ ನಾನು ಕೇಳಿದ ಅತ್ಯಂತ ಇಂಪಾದ ಮಾತು ಅದು.

ಪ್ರತಿ ನಾಲಿಗೆ, ತೂತು, ಬೆಣೆಗೆ ಉಳಿಯಲ್ಲಿ ಗುರುತು ಕೆತ್ತಿದ್ದೆ. ಒಂದು ಗೆರೆ, ಎರಡು ಗೆರೆ, ಹೀಗೆ ನಾಲ್ಕರವರೆಗೆ. ಕೈಯಲ್ಲಿ ಮಾಡಿದ ಸಂದು ತನ್ನ ಜೊತೆಯನ್ನು ಮಾತ್ರ ಒಪ್ಪುತ್ತದೆ. ಪೆನ್ಸಿಲ್ ಗುರುತು ಬೆವರಿಗೆ ಅಳಿಸುತ್ತದೆ, ಕೆತ್ತಿದ್ದು ಉಳಿಯುತ್ತದೆ. ಕೆಂಗೇರಿಯ ಮೂರನೆಯ ಮಹಡಿಗೆ ಒಂದೊಂದೇ ತುಂಡು ಹೊತ್ತು ಹತ್ತಿದೆವು, ಮತ್ತಿಯ ಚೌಕಟ್ಟಿಗೆ ಮಾತ್ರ ಎರಡನೆಯ ಮಹಡಿಯಲ್ಲಿ ಒಂದು ನಿಲುಗಡೆ. ಜೋಡಿಸಲು ಕೂತರೆ ಮೂರು ಬೆಣೆ ಇದೆ. ಮೂರು ಗೆರೆಯದು ಇಲ್ಲ. ಗೋಣಿಚೀಲ ಕೊಡವಿದೆ, ಏಸ್‌ನ ಹಿಂದುಗಡೆ ತಡಕಿದೆ. ನಾಲ್ಕನೆಯ ಸಂದಿಗೆ ಬೆಣೆಯಿಲ್ಲದ ಮೇಜು ಮೂರು ಗಾಲಿಯ ಬಂಡಿ. ಆ ರಾತ್ರಿಯೇ ಮತ್ತಿಯ ತುಂಡಿನಿಂದ ಹೊಸದೊಂದನ್ನು ಕೆತ್ತಿದೆ, ನೆಲದ ಮೇಲೆ ಕೂತು, ಪಾದದಿಂದ ಒತ್ತಿ ಹಿಡಿದು. ಮೇಜೇ ಇರಲಿಲ್ಲವಲ್ಲ. ಈಗ ಪ್ರತಿ ಬೆಣೆಯ ತಲೆಗೂ ಒಂದು ತೂತು ಕೊರೆದು ದಾರದಲ್ಲಿ ಅದರದರ ನಾಲಿಗೆಗೆ ಕಟ್ಟಿದ್ದೇನೆ. ಮೊದಲೇ ಕಟ್ಟಬೇಕಿತ್ತು.

ಹೊಸ ಮನೆಯಲ್ಲಿ ಮೇಜಿಗೆ ಸಿಕ್ಕಿದ ಜಾಗ ಹಿಂದಿನ ಬಾಲ್ಕನಿ. ನೀರು ಹರಿದುಹೋಗಲೆಂದು ಅದರ ನೆಲಕ್ಕೆ ಮೂಲೆಯ ಕಡೆ ಇಳಿಜಾರು ಕೊಟ್ಟಿದ್ದಾರೆ. ಹಿಂದಿನ ಎಡಗಾಲು ನೆಲ ಮುಟ್ಟದೆ ಮೇಜು ಅಲ್ಲಾಡುತ್ತಿತ್ತು. ಪ್ಲೈವುಡ್ ಚೂರು ಇಟ್ಟರೆ ಹತ್ತರಿಯ ಅದುರಿಗೆ ಜಾರಿಹೋಗುತ್ತಿತ್ತು. ಎಂಟನೆಯ ದಿನ ಹೆಂಡತಿ ಅಡುಗೆಮನೆಯ ಕೊನೆಯ ಪೆಟ್ಟಿಗೆ ಬಿಚ್ಚುತ್ತಿದ್ದವಳು ಕರೆದಳು. ಹುಣಸೆಹಣ್ಣಿನ ಡಬ್ಬಿಯ ಪಕ್ಕದಲ್ಲಿ, ಒರಳಿನ ಗುಂಡಿನ ಜೊತೆ ಬಟ್ಟೆಯಲ್ಲಿ ಸುತ್ತಿಕೊಂಡು ಮೂರು ಗೆರೆಯ ಬೆಣೆ ಮಲಗಿತ್ತು; ಸಾಮಾನು ಕಟ್ಟಿದ ಹುಡುಗ ಅದನ್ನೂ ಅಡುಗೆಯ ಯಾವುದೋ ಸಲಕರಣೆ ಎಂದುಕೊಂಡಿರಬೇಕು. ಈಗ ಅದು ಹಿಂದಿನ ಎಡಗಾಲಿನ ಕೆಳಗಿದೆ.